ಚೆಸ್ ಕ್ಲಬ್ಬಿನ ಪಟ್ಟಿ

"ಮೇಡಂ, ಇದೊಂದು ಸಲ ಕಣ್ಣಾಡಿಸಿಬಿಡಿ. ಅಕ್ಷರ ತಪ್ಪಿದ್ರೆ ಈಗ್ಲೇ ಹೇಳಿ" ಎಂದು ಸಂಘದ ಅಧ್ಯಕ್ಷೆ, ಸದಾ ಏದುಸಿರು ಬಿಡುತ್ತಲೇ ಓಡಾಡುವ ಹುಡುಗಿ, ಗ್ರಂಥಪಾಲಕಿಯನ್ನು ಗೋಡೆಯ ದೊಡ್ಡ ಹಾಳೆಯ ಮುಂದೆ ತಂದು ನಿಲ್ಲಿಸಿದಳು. ವಿಶ್ವವಿದ್ಯಾಲಯದ ಸಲಿಂಗಿ ಮತ್ತು ಟ್ರಾನ್ಸ್ ವಿದ್ಯಾರ್ಥಿಗಳ ಸಂಘಕ್ಕೆ ಮೂವತ್ತು ವರ್ಷ ತುಂಬಿತ್ತು. ಅದರ ಚರಿತ್ರೆಯ ಮೊದಲ ಸಾಲೇ ಹೀಗಿತ್ತು: 'ಅಂದಿನ ಡೀನ್ ಅವರ ಧೈರ್ಯ ಮತ್ತು ಪ್ರೋತ್ಸಾಹದಿಂದ ಸಂಘ ಹುಟ್ಟಿತು.'

ಗ್ರಂಥಪಾಲಕಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಧೈರ್ಯ ಅಂತೆ, ಪ್ರೋತ್ಸಾಹ ಅಂತೆ! ತೋಳ ನಮ್ಮನ್ನು ಸಾಕಿತ್ತು ಅಂತ ಕುರಿಮರಿಗಳೇ ಬೋರ್ಡು ಬರೆದು ಹಾಕಿದ ಹಾಗಿತ್ತು.

"ಇದನ್ನ ಯಾರು ಹೇಳಿದ್ರು ನಿಮಗೆ?"

"ಅವರೇ. ಮನೆಗೆ ಹೋಗಿ ಕೇಳಿ ಬರ್ಕೊಂಡು ಬಂದ್ವಿ. ಆಗ ಇದ್ದವರು ಬೇರೆ ಯಾರೂ ಸಿಗ್ಲಿಲ್ಲ ಮೇಡಂ."

ಸಿಗುವುದಾದರೂ ಹೇಗೆ? ಆಗ ಇದ್ದವಳೊಬ್ಬಳು ಇದೇ ಕಟ್ಟಡದ ಕೆಳಮಹಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಪುಸ್ತಕಗಳಿಗೆ ಮೊಹರು ಹೊಡೆಯುತ್ತ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳಲ್ಲ.

ಆಗ ಅದರ ಹೆಸರು ಚೆಸ್ ಕ್ಲಬ್. ನಿಜ ಹೇಳಿದರೆ ಕೊಠಡಿ ಕೊಡುವವರು ಯಾರು? ಇದ್ದದ್ದು ಹನ್ನೊಂದು ಜನ, ಆಟ ಬರುತ್ತಿದ್ದದ್ದು ಉದ್ದಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬನಿಗೆ. ಕುದುರೆ ನಡೆಸಲೂ ಬಾರದ ಮಿಕ್ಕವರು ಶನಿವಾರ ಸಂಜೆ ಬಾಗಿಲು ಹಾಕಿಕೊಂಡು ಹಾಯಾಗಿ ನಗುತ್ತಿದ್ದರು. ಕೊಠಡಿಯ ಅರ್ಜಿಗೆ ಸದಸ್ಯರ ಮನೆ ವಿಳಾಸ ಬೇಕಿತ್ತು. ಹೆಸರೇ ಸುಳ್ಳಾದ ಸಂಘಕ್ಕೆ ವಿಳಾಸವನ್ನೂ ಸುಳ್ಳೇ ಕೊಡಬಾರದಿತ್ತೆ? ಕಾರ್ಯದರ್ಶಿಯಾಗಿದ್ದ ಈ ಮಹಾತಾಯಿ ಹನ್ನೊಂದನ್ನೂ ಮನೆ ನಂಬರಿನ ಸಮೇತ ದುಂಡಗೆ ಬರೆದು ಕೊಟ್ಟಳು.

ಒಂದು ಶನಿವಾರ ಡೀನ್ ಬಾಗಿಲು ತಳ್ಳಿದ. ಇಬ್ಬರು ಹುಡುಗರು ಅಪ್ಪಿಕೊಂಡು ಕುಣಿಯುತ್ತಿದ್ದರು. ಸೀದಾ ಕಚೇರಿಗೆ ಹೋದವನು, ಕಡತದಿಂದ ಆ ಪಟ್ಟಿ ತೆಗೆದು, ನಿಮ್ಮ ಮಕ್ಕಳು ಇಂಥವರು ಎಂದು ಹನ್ನೊಂದು ಮನೆಗೂ ಪತ್ರ ಹಾಕಿದ. ಊರಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದ ಇವಳು ತನ್ನದನ್ನು ಅಂಚೆಯವನ ಕೈಯಿಂದಲೇ ಇಸಿದುಕೊಂಡು ಹರಿದಳು. ಉಳಿದವರಿಗೆ ಒಂದು ಮಾತು ಹೇಳುವುದಕ್ಕೂ ಹೆದರಿ, ಜ್ವರವೆಂದು ಮಲಗಿಬಿಟ್ಟಳು. ಮಿಕ್ಕ ಹತ್ತೂ ತಲುಪಿದವು. ಉದ್ದಣ್ಣನನ್ನು ಅಪ್ಪ, ದೊಡ್ಡಪ್ಪ ಸೇರಿ ಹಾಸ್ಟೆಲಿನಿಂದ ಎಳೆದೊಯ್ದರು. ಆರು ತಿಂಗಳಿಗೆ ವಿಷ ಕುಡಿದ ಸುದ್ದಿ ಬಂತು.

ಡೀನನ ಬಣ್ಣ ಬಯಲು ಮಾಡಬೇಕೆಂದರೆ ಪಟ್ಟಿ ಬರೆದವಳು ಯಾರೆಂದೂ ಹೇಳಬೇಕು. ಮೂವತ್ತು ವರ್ಷವೂ ಅವಳ ನಾಲಗೆ ಅಲ್ಲಿಗೆ ಬಂದು ಬಿದ್ದುಹೋಗುತ್ತಿತ್ತು.

ಅಷ್ಟರಲ್ಲಿ ಸಮಾರಂಭದ ಅತಿಥಿಯಾಗಿ ಆಸಾಮಿಯೇ ಬಂದ. ಎಂಬತ್ತು ದಾಟಿದ್ದರೂ ಸೂಟಿನಲ್ಲಿ ಒಂದು ಸುಕ್ಕಿಲ್ಲ. ಅಲ್ಲಿ ಸೇರಿದ್ದ ಸಂಘದ ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಸೀದಾ ಬಂದು ಗ್ರಂಥಪಾಲಕಿಯ ಕೈ ಹಿಡಿದುಕೊಂಡ.

"ಓ, ನೀವು! ಚೆಸ್ ಕ್ಲಬ್ ಕಾರ್ಯದರ್ಶಿ ಅಲ್ವಾ? ಏನು ಮುದ್ದಾದ ಅಕ್ಷರ ರೀ ನಿಮ್ದು! ಒಂದು ವಿಳಾಸನೂ ತಪ್ಪಿರಲಿಲ್ಲ" ಎಂದು ಕೈ ಅದುಮಿ, ಕಣ್ಣು ಮಿಟುಕಿಸಿದ.

ಹಲ್ಲಿ ರವಿಕೆಯೊಳಗೆ ಬಿದ್ದಂತಾಯಿತು ಅವಳಿಗೆ. ಅದಕ್ಕಿಂತ ಹೇಸಿಗೆಯಾದದ್ದು, ಅಭ್ಯಾಸಬಲದಿಂದ ತಾನೂ ಹಲ್ಲು ಕಿರಿದದ್ದು. ಥೂ, ನನ್ನ ಜನ್ಮಕ್ಕಿಷ್ಟು!

"ಮೇಡಂ, ನೀವೂ ಇದ್ರಾ?" ಹುಡುಗಿಯ ಕಣ್ಣು ಅರಳಿತು.

ಅವಳು ಕೈ ಕಿತ್ತುಕೊಂಡಳು. "ಇದ್ದೆ. ಇವರು ಸಂಘ ಹುಟ್ಟಿಸ್ಲಿಲ್ಲ ಕಣೆ, ಹೂತು ಹಾಕಿದ್ರು. ಮತ್ತೆ ಚಿಗುರೋಕೆ ಹತ್ತು ವರ್ಷ ಬೇಕಾಯ್ತು. ಮನೆಮನೆಗೆ ಪತ್ರ ಬರೆದು ಹತ್ತು ಜನರ ಓದು ಬಿಡಿಸಿದ್ರು, ಒಬ್ಬ ಸತ್ತ. ವಿಳಾಸ ಬರೆದುಕೊಟ್ಟೋಳು ನಾನು. ನನ್ನ ಪತ್ರ ಮಾತ್ರ ಹರಿದು ಹಾಕಿ, ಯಾರಿಗೂ ಹೇಳದೆ ಮುಸುಕು ಹಾಕ್ಕೊಂಡು ಮಲಗಿದೋಳೂ ನಾನೇ."

"ಆಗಿನ ಕಾಲ ಹಾಗಿತ್ತಮ್ಮಾ..." ಎಂದ ಡೀನ್. ಯಾರೂ ಅವನತ್ತ ತಿರುಗಲಿಲ್ಲ.

ಹುಡುಗಿ ಹಾಳೆಯ ಮೊದಲ ಸಾಲನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದಳು. ಆಮೇಲೆ ಕುರ್ಚಿ ತಂದು ಗ್ರಂಥಪಾಲಕಿಯನ್ನು ಕೂರಿಸಿ, ತಾನು ಪಕ್ಕದಲ್ಲಿ ನೆಲದ ಮೇಲೆ ಕೂತು ನೋಟ್‌ಬುಕ್ ತೆರೆದಳು. ಅವಳ ದನಿ ತಗ್ಗಿತ್ತು.

"ಆ ಹತ್ತು ಜನರ ಹೆಸರು ಹೇಳಿ ಮೇಡಂ, ಬರ್ಕೋತೀನಿ."

"ಬರೀಬೇಡ. ಇನ್ನೊಂದು ಪಟ್ಟಿ ಬೇಡ. ಸುಮ್ನೆ ಕೇಳಿಸ್ಕೋ."

ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು.