ತಿದ್ದದೆ ಬಿಟ್ಟ ಹೆಸರು

ಗೋಡೆಯ ಮೇಲಿದ್ದ ಹಲ್ಲಿಯ ಫೋಟೋವನ್ನು ಚಿಕ್ಕಪ್ಪ ಮೊಳೆಯಿಂದ ಬಿಡಿಸುತ್ತಿದ್ದಾಗ ಮಗಳು ಓಡಿಹೋಗಿ ಅವರ ಕೈ ಹಿಡಿದಳು.

"ಅದ್ಯಾಕೆ ಚಿಕ್ಕಪ್ಪ ಈಗ?"

"ತಲೆ ಹತ್ರ ಇಡು ಅಂದ್ರು ನಿಮ್ಮಮ್ಮ. ಬಂದೋರೆಲ್ಲ ನೋಡ್ಲಿ. ಎಷ್ಟು ಜನರ ಹೆಸರಲ್ಲಿ ಹಲ್ಲಿ ಇರುತ್ತೆ ಹೇಳು? ನನ್ನ ಹೆಸರಲ್ಲಿ ಒಂದು ಸೊಳ್ಳೆನೂ ಇಲ್ಲ."

ಕುರ್ಚಿಯಿಂದಿಳಿದು, ಗಾಜನ್ನು ತೋಳಿನಿಂದ ಒರೆಸಿಕೊಂಡು ಅವರು ನಡುಮನೆಗೆ ಹೋದರು. ಅಲ್ಲಿ ಅಪ್ಪ ಪೆಟ್ಟಿಗೆಯಲ್ಲಿ ಮಲಗಿದ್ದ.

ಫೋಟೋದಲ್ಲಿದ್ದದ್ದು ಬಂಡೆಗೆ ಅಂಟಿಕೊಂಡ ಬೆರಳುದ್ದದ ಬೂದು ಹಲ್ಲಿ. ಅದರ ಕೆಳಗೆ ಅಪ್ಪನ ದುಂಡು ಅಕ್ಷರದಲ್ಲಿ ವೈಜ್ಞಾನಿಕ ಹೆಸರು. ಎರಡನೆಯ ಪದ ಅಪ್ಪನ ಹೆಸರೇ, ಕೊನೆಗೊಂದು ಲ್ಯಾಟಿನ್ ಬಾಲ. ಆ ಹೆಸರು ಈಗ ಚಾಲ್ತಿಯಲ್ಲಿಲ್ಲ ಎಂಬುದು ಮನೆಯಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಒಬ್ಬಳು ಮಗಳು. ಇನ್ನೊಬ್ಬ ಸತ್ತಿದ್ದ.

ಅಮ್ಮ ಪೆಟ್ಟಿಗೆಯ ಪಕ್ಕ ಕೂತು ಎದುರುಮನೆಯಾಕೆಗೆ ಹೇಳುತ್ತಿದ್ದಳು.

"ಹಲ್ಲಿಗೆ ಹೆಸರಿಟ್ಟ ಮ್ಯೂಸಿಯಂ ಕ್ಯುರೇಟರ್ ಸಾರೇ ಬರ್ತಿದಾರೆ. ಎತ್ತೋ ಮುಂಚೆ ಹಲ್ಲಿ ಬಗ್ಗೆ ನಾಲ್ಕು ಮಾತು ಹೇಳಿ ಅಂತೀನಿ. ಇವರ ಬಗ್ಗೆ ಹೇಳೋಕೆ ಬೇರೆ ಏನಿದೆ? ಒಂದು ಮನೆ ಕಟ್ಟಲಿಲ್ಲ, ಒಂದು ಬಡ್ತಿ ಸಿಗಲಿಲ್ಲ. ಇದೊಂದಿದೆ."

ಮಗಳು ಗೇಟಿನ ಬಳಿ ಹೋಗಿ ನಿಂತಳು.

*

ಅಪ್ಪನಿಗೆ ಸಂಗ್ರಹಾಲಯದ ಸರೀಸೃಪ ವಿಭಾಗದಲ್ಲಿ ಕೆಲಸ. ಉದ್ದನೆಯ ತಣ್ಣಗಿನ ಕೋಣೆ, ಕಬ್ಬಿಣದ ಕಪಾಟುಗಳು, ಸ್ಪಿರಿಟ್ ತುಂಬಿದ ಗಾಜಿನ ಜಾಡಿಗಳಲ್ಲಿ ಬಣ್ಣ ಹೋದ ಹಾವು, ಹಲ್ಲಿ, ಆಮೆಮರಿ. ಸ್ಪಿರಿಟ್ ಇಳಿದರೆ ತುಂಬಬೇಕು, ಹೆಸರು ಬದಲಾದರೆ ಚೀಟಿ ಬರೆಯಬೇಕು. ಹೆಸರುಗಳೋ, ಒಂದು ಕಡೆ ಸುಮ್ಮನೆ ಕೂರುವ ಪೈಕಿಯಲ್ಲ. ವಿಜ್ಞಾನಿಗಳು ಒಂದು ಹಾವನ್ನು ಈ ಕುಲದಿಂದ ಎತ್ತಿ ಆ ಕುಲಕ್ಕೆ ಹಾಕುತ್ತಿದ್ದರು. ಒಂದೇ ಅಂದುಕೊಂಡ ಹಲ್ಲಿ ಮೂರಾಗುತ್ತಿತ್ತು, ಎರಡು ಅಂದುಕೊಂಡಿದ್ದು ಒಂದಾಗುತ್ತಿತ್ತು. ಸುದ್ದಿ ಬಂದ ದಿನವೇ ಅಪ್ಪ ಜಾಡಿ ಹುಡುಕಿ ಹೊಸ ಚೀಟಿ ಇಳಿಬಿಡುತ್ತಿದ್ದ. ಹಳೆಯದನ್ನು ತೆಗೆಯುವಂತಿಲ್ಲ, ಅದರ ಮುಂದೆ ಹೊಸದು.

"ಆ ಹಸಿರು ಹಾವಿನ ಹೆಸರು ಬದಲಾಯ್ತು ಕಣೇ," ಎನ್ನುತ್ತಿದ್ದ ಊಟಕ್ಕೆ ಕೂತಾಗ.

"ಹಾವಿಗೆ ತಿಳಿಸಿದ್ರಾ?" ಎನ್ನುತ್ತಿದ್ದಳು ಅಮ್ಮ.

ಮಗಳ ಶಾಲೆಯ ಪುಸ್ತಕದಲ್ಲಿ ಹಳೆಯ ಹೆಸರು ಕಂಡರೂ ಬಿಡುತ್ತಿರಲಿಲ್ಲ, ಹೊಡೆದು ಹಾಕಿ ಹೊಸದು ಬರೆಯುತ್ತಿದ್ದ. ಅವಳು ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಕಳೆದುಕೊಳ್ಳುತ್ತಿದ್ದಳು.

ಒಮ್ಮೆ ಕಲ್ಲುಗುಡ್ಡದಲ್ಲಿ ಅಪ್ಪ ಹಿಡಿದು ತಂದ ಹಲ್ಲಿ ಹೊಸ ಪ್ರಭೇದವೆಂದು ವಿಭಾಗದ ಮುಖ್ಯಸ್ಥರಾದ ಕ್ಯುರೇಟರ್‌ಗೆ ತೋರಿತು. ಅದಕ್ಕೆ ಅಪ್ಪನ ಹೆಸರನ್ನೇ ಇಟ್ಟರು. ಅಮ್ಮ ಬೀದಿಗೆಲ್ಲ ಸಿಹಿ ಹಂಚಿದಳು. ಕೆಲವು ವರ್ಷಗಳಾದ ಮೇಲೆ ಕ್ಯುರೇಟರೇ ಕಂಡುಕೊಂಡರು, ಅದೇ ಹಲ್ಲಿಗೆ ಯಾರೋ ಬಹಳ ಹಿಂದೆಯೇ ಹೆಸರಿಟ್ಟುಬಿಟ್ಟಿದ್ದರು. ಮೊದಲು ಇಟ್ಟದ್ದೇ ಉಳಿಯಬೇಕು ಎಂಬುದು ನಿಯಮ.

ಅವತ್ತು ಮಗಳು ಊಟದ ಡಬ್ಬಿ ಕೊಡಲು ಹೋಗಿದ್ದಳು. ಕ್ಯುರೇಟರ್ ಅಪ್ಪನ ಮೇಜಿನ ಮುಂದೆ ತಪ್ಪು ಮಾಡಿದವರ ಹಾಗೆ ನಿಂತಿದ್ದರು.

"ಈ ಚೀಟಿ ನಾನು ಬರೀತೀನಿ, ಬಿಡಿ."

"ಯಾಕೆ ಸಾರ್? ಬೇರೆಯವರ ಹೆಸರು ಹೋದಾಗ ನೀವು ಬರೆದ್ರಾ?"

ಅಪ್ಪನೇ ಬರೆದ. ಮಸಿ ಒಣಗುವಂತೆ ಊದಿ, ಚೀಟಿಯನ್ನು ಜಾಡಿಗೆ ಇಳಿಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿದ. ಆಮೇಲೆ ಡಬ್ಬಿ ಬಿಚ್ಚುತ್ತ ಮಗಳಿಗೆ ಹೇಳಿದ, "ಅಮ್ಮನಿಗೆ ಹೇಳ್ಬೇಡ."

*

ಕ್ಯುರೇಟರ್ ಬಂದಾಗ ಮಗಳು ಗೇಟಿನಲ್ಲೇ ತಡೆದಳು. ನಿವೃತ್ತರಾಗಿ ಬಹಳ ಕಾಲವಾಗಿತ್ತು. ಎತ್ತರದ ಆಳು, ಕೂದಲೆಲ್ಲ ಬೆಳ್ಳಗಾಗಿತ್ತು.

"ಸಾರ್, ಹಲ್ಲಿ ವಿಷಯ ಅಮ್ಮನಿಗೆ ಗೊತ್ತಿಲ್ಲ."

"ಇಲ್ಲಿವರೆಗೂ?"

"ಅಪ್ಪ ಹೇಳ್ಲೇ ಇಲ್ಲ. ಈಗ ನಿಮ್ಮ ಹತ್ರ ಅದನ್ನೇ ಮಾತಾಡಿಸ್ಬೇಕು ಅಂತ ಕಾಯ್ತಿದಾಳೆ. ಹೇಗಾದ್ರೂ ತೇಲಿಸಿಬಿಡಿ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ಆ ಹೆಸರು ಇದೆ ಅಂತ ಹೇಳೋಕೆ ನನ್ನಿಂದಾಗಲ್ಲಮ್ಮ. ಅದೂ ನಿಮ್ಮಪ್ಪನ ಮುಂದೆ."

ಬೇರೆ ದಾರಿ ಇರಲಿಲ್ಲ. ಮಗಳು ಅಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಮ್ಮ ಸಿಂಕಿನ ಅಂಚು ಹಿಡಿದು ನಿಂತಳು.

"ಯಾವಾಗ ಆಗಿದ್ದು?"

"ನಾನು ಕಾಲೇಜು ಸೇರಿದ ವರ್ಷ."

"ಈಗ ನಿನ್ನ ಮಗಳು ಶಾಲೆಗೆ ಹೋಗ್ತಾಳೆ." ಮಗಳ ಕಡೆ ತಿರುಗಿ ಕೇಳಿದಳು, "ನಾನು ಬಂದೋರಿಗೆಲ್ಲ ಫೋಟೋ ತೋರಿಸಿ ಕೊಚ್ಚಿಕೊಳ್ತಿದ್ದಾಗ ಪಕ್ಕದಲ್ಲೇ ಕೂತಿರ್ತಿದ್ರಲ್ಲೇ?"

"ಹೌದಮ್ಮ."

"ಹಾವಿನ ಹೆಸರು ತಪ್ಪು ಹೇಳಿದ್ರೆ ಊಟ ಬಿಟ್ಟು ಎದ್ದು ಜಗಳಕ್ಕೆ ಬರೋ ಮನುಷ್ಯ!" ಅಮ್ಮನ ಮುಖ ಕೆಂಪೇರಿತು. "ಊರನ್ನೆಲ್ಲ ತಿದ್ದಿದ್ರು. ನನ್ನೊಬ್ಬಳನ್ನ ತಿದ್ದಲಿಲ್ಲ."

ಅದು ದೂರೋ ಅಭಿಮಾನವೋ ಮಗಳಿಗೆ ತಿಳಿಯಲಿಲ್ಲ.

"ತೆಗೆದೋರ್ಯಾರು ಹೆಸರು?"

"ಕ್ಯುರೇಟರ್ ಸಾರೇ."

ಅಮ್ಮ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. ಒರೆಸಿಕೊಳ್ಳದೆ ಹೊರಗೆ ಬಂದಳು.

ಕ್ಯುರೇಟರ್ ಬಾಗಿಲ ಬಳಿ, ಚಪ್ಪಲಿಗಳ ನಡುವೆ ನಿಂತಿದ್ದರು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, "ಈಗ ಸಾರ್ ಹಲ್ಲಿ ಬಗ್ಗೆ ನಾಲ್ಕು ಮಾತು..." ಎಂದು ಶುರು ಮಾಡಿದರು.

"ಮಾತು ಬೇಡ," ಎಂದಳು ಅಮ್ಮ.

ಎದುರುಮನೆಯಾಕೆ ಚಿಕ್ಕಪ್ಪನ ಮುಖ ನೋಡಿದಳು, ಚಿಕ್ಕಪ್ಪ ಮಗಳ ಮುಖ ನೋಡಿದರು. ಅಮ್ಮ ಮಾತ್ರ ಕ್ಯುರೇಟರನ್ನೇ ನೋಡುತ್ತಿದ್ದಳು. ಅವರು ತಲೆ ತಗ್ಗಿಸಲಿಲ್ಲ, ಆದರೆ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತೋಚುತ್ತಿರಲಿಲ್ಲ.

"ನೀವು ಮುಂದೆ ಹೆಗಲು ಕೊಡಿ ಸಾರ್," ಎಂದಳು. "ಎಡಗಡೆ."

ಪೆಟ್ಟಿಗೆ ಎದ್ದಿತು. ಮುಂದೆ ಬಲಗಡೆ ಚಿಕ್ಕಪ್ಪ ಹಿಡಿದರು. ಅವರು ಕುಳ್ಳು, ಕ್ಯುರೇಟರರ ಭುಜದವರೆಗೂ ಬರುತ್ತಿರಲಿಲ್ಲ. ಬೀದಿಗೆ ಇಳಿಯುತ್ತಿದ್ದಂತೆ ಪೆಟ್ಟಿಗೆ ಬಲಕ್ಕೆ ವಾಲಿತು.

"ನಿಧಾನ ಸಾರ್, ವಾಲ್ತಾ ಇದೆ," ಎಂದರು ಚಿಕ್ಕಪ್ಪ.

ಕ್ಯುರೇಟರ್ ಮೊಣಕಾಲು ಮಡಿಸಿ ತಗ್ಗಿದರು. ಪೆಟ್ಟಿಗೆ ಸಮವಾಯಿತು. ಹಾಗೆ ಅರ್ಧ ಕೂತವರಂತೆಯೇ ಒಂದೊಂದೇ ಹೆಜ್ಜೆ ಇಡತೊಡಗಿದರು. ಹಿಂದಿನಿಂದ ಯಾರೋ, "ನಾನು ಹಿಡೀಲಾ ಸಾರ್?" ಎಂದರು. ಅವರು ತಲೆಯಾಡಿಸಿ ಬೇಡವೆಂದರು. ಪ್ಯಾಂಟಿನೊಳಗೆ ಅವರ ಕಾಲುಗಳು ನಡುಗುತ್ತಿದ್ದುದು ಬೀದಿಗೆಲ್ಲ ಕಾಣುತ್ತಿತ್ತು. ಅಮ್ಮ ಬಂದು ಅವರ ಪಕ್ಕಕ್ಕೆ ಸೇರಿ, ಅವರ ಹೆಜ್ಜೆಗೆ ತನ್ನ ಹೆಜ್ಜೆ ತಗ್ಗಿಸಿಕೊಂಡು ನಡೆದಳು.