ಹೆಬ್ಬೆರಳಿನ ಅರಿಸಿನ

"ನೋಡವ್ವಾ, ಇದಕ್ಕೇನಂತಿ?" ಎಂದು ನಿಲೇಶ ಚುರುಮುರಿ ಸುಸಲದ ತಟ್ಟೆ ಸರಿಸಿ, ಮೊಬೈಲಿನ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ತಾಯಿಯ ಮೂಗಿನ ಹತ್ತಿರ ಹಿಡಿದ. ಪುಣೆಯ ಯಾವುದೋ ಹೋಟೆಲಿನವರು ತಿರುಗಿ ಕಳಿಸಿದ ಟಾವೆಲ್ಲು. ಬಿಳಿ ಟಾವೆಲ್ಲಿನ ಮೂಲೆಯಲ್ಲಿ ಹಳದಿಯ ಒಂದು ಹೆಬ್ಬೆರಳಿನ ಗುರುತು. ಹೊಲಸು ಕೈಯವರ ಮಾಲು ನಮಗೆ ಬೇಡ ಅಂತ ಇಂಗ್ಲಿಷಿನಲ್ಲಿ ಬರೆದು, ಇಡೀ ಲೋಕ ಓದುವ ಹಾಗೆ ಇವರ ಟಾವೆಲ್ ಅಂಗಡಿಯ ಹೆಸರಿನ ಕೆಳಗೇ ಹಾಕಿದ್ದರು.

ಲೀಲಾಬಾಯಿ ಕನ್ನಡಕ ಏರಿಸಿಕೊಂಡು ನೋಡಿದಳು. ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದ ಹೊಸದರಲ್ಲಿ ಈಳಿಗೆಯ ಮೇಲೆ ಬದನೆಕಾಯಿ ಹೆಚ್ಚುವಾಗ ಆಕೆಯ ಹೆಬ್ಬೆರಳು ಸೀಳಿತ್ತು. ಗಾಯ ಮಾಯಿತು, ಗೆರೆ ಉಳಿಯಿತು. ಇದು ಅದೇ ಗೆರೆ. ಆಕೆ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

"ಭಂಡಾರ," ಎಂದ ನಿಲೇಶ. "ಗೋದಾಮಿನ ಗೊಲ್ಲಾಳಪ್ಪ ಮಾಮಾಂದು. ಬೀರೋಬ ದೇವರ ಅರಿಸಿನ ಹಣಿ ತುಂಬ ಬಡಕೊಂಡ ಬರ್ತಾರ, ಅದ ಕೈಲೆ ಟಾವೆಲ್ ಮಡಚಿ ಘಡಿ ಹಾಕ್ತಾರ. ಮತ್ತ್ಯಾರದಿರ್ತದ?"

"ಇರಬೇಕು," ಎಂದಳು ಲೀಲಾಬಾಯಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿಂದ ಜಾರಿದ ಕೂಡಲೇ ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಮಗ ಚಪ್ಪಲಿ ಮೆಟ್ಟಿ ಗೋದಾಮಿಗೆ ಇಳಿದಿದ್ದ.

ಹೊಸ ಮಾಲು ಬಂದ ದಿನ ಮೊದಲ ಬಂಡಲಿಗೆ ಮನೆಯ ಹೆಂಗಸು ಅರಿಸಿನದ ಹೆಬ್ಬೆರಳು ಒತ್ತಬೇಕು. ಈ ಮನೆಯ ಪದ್ಧತಿ ಅದು. ಅತ್ತೆಯ ಕಾಲದಲ್ಲಿ ಬಂಡಲು ದಪ್ಪ ಗೋಣಿತಟ್ಟಿನಲ್ಲಿ ಹೊಲಿದು ಬರುತ್ತಿತ್ತು, ಎಷ್ಟು ಒತ್ತಿದರೂ ಅರಿಸಿನ ತಟ್ಟಿನಲ್ಲೇ ಉಳಿಯುತ್ತಿತ್ತು. ಈಗ ತೆಳ್ಳನೆಯ ಪ್ಲಾಸ್ಟಿಕ್ಕು, ಅದೂ ಮೂಲೆಯಲ್ಲಿ ಹರಿದದ್ದು. ಚಾಟಿ ಗಲ್ಲಿಯ ಅಂಗಡಿ ಮುಚ್ಚಿ ವ್ಯಾಪಾರವೆಲ್ಲ ಮೊಬೈಲಿನೊಳಗೆ ಹೋದಮೇಲೆ, ಗಿರಾಕಿಗಳ ಜೊತೆ ಬಂದ ಹೆಣ್ಣುಮಕ್ಕಳಿಗೆ ಚಹಾ ಕೊಡುವ ಕೆಲಸವೂ ಲೀಲಾಬಾಯಿಗೆ ಇರಲಿಲ್ಲ. ಉಳಿದದ್ದು ಈ ಹೆಬ್ಬೆರಳಿನ ಕೆಲಸ ಒಂದು. ನಿಜ ಹೇಳಿದರೆ ಅದಕ್ಕೂ ಎಳ್ಳುನೀರು. ಇನ್ನ ನೀ ಕೆಳಗ ಬರಬ್ಯಾಡವ್ವಾ ಅಂತ ಮಗ ಅಂದೇ ಅನ್ನುತ್ತಾನೆ. ಅದಕ್ಕೆ ಹೆದರಿ ಆಕೆ ಸುಮ್ಮನಿದ್ದಳು.

ಮರುವಾರ ಗೋದಾಮಿಗೆ ಬೂದು ಕೋಟುಗಳೂ ಬಲೆಯ ಟೋಪಿಗಳೂ ಬಂದವು. ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಿಲೇಶ ಕಾಯ್ದೆ ಹೇಳಿದ: "ಒಳಗ ಬರೂ ಮುಂದ ಎಲ್ಲಾರೂ ಕೋಟ ಹಾಕ್ಕೋಬೇಕು. ಬಳಿ, ಹೂವು ನಡ್ಯಂಗಿಲ್ಲ. ಹಣಿ ಮ್ಯಾಲ ಭಂಡಾರ ನಡ್ಯಂಗಿಲ್ಲ. ಹೊರಗ ತೊಳಕೊಂಡ ಬರಬೇಕು."

ಪಾರ್ಸಲ್ ಕಟ್ಟುವ ಮಯೂರಿಯ ನಾಲಿಗೆಗೆ ಲಗಾಮಿಲ್ಲ. "ನಮ್ಮನ್ನ ಯಾವ ಗಿರಾಕಿ ನೋಡ್ತಾನ್ರಿ ಭಾವು? ಇಲ್ಲಿ ನಾವು ದೆವ್ವ ಆಗಿ ನಿಂತ್ರೂ ಪಾರ್ಸಲ್ ಹೋಗ್ತದ," ಎಂದಳು.

"ನಿಮ್ಮ ಮಾರಿ ನೋಡಂಗಿಲ್ಲ, ನಿಮ್ಮ ಕೈ ನೋಡ್ತಾರ."

"ಮತ್ತ ವಿಭೂತಿ ನಡೀತದೇನ್ರಿ?" ಮಯೂರಿಯ ಕಣ್ಣು ಮೆಟ್ಟಿಲ ಮೇಲೆ ನಿಂತಿದ್ದ ಲೀಲಾಬಾಯಿಯ ಹಣೆಯ ಕಡೆ ಹೋಯಿತು.

"ವಿಭೂತಿ ಬೆಳ್ಳಗಿರ್ತದ. ಟಾವೆಲ್ ಮ್ಯಾಲ ಕಾಣೂದಿಲ್ಲ," ಎಂದ ನಿಲೇಶ. ಎಲ್ಲರೂ ನಕ್ಕರು. ಗೊಲ್ಲಾಳಪ್ಪ ಮಾತ್ರ ನಗಲಿಲ್ಲ. ನಿಲೇಶನಿಗೆ ಸೈಕಲ್ಲು ಕಲಿಸಿದವನು ಅವನೇ. ಬೀರೋಬನ ಭಕ್ತ. ಆ ಹಣೆಯನ್ನು ಬರಿದಾಗಿ ಈ ಮನೆಯಲ್ಲಿ ಯಾರೂ ನೋಡಿರಲಿಲ್ಲ.

"ಆ ಫೋಟೋ ಒಂಚೂರ ತೋರಸ್ರಿ ಮಾಲಕ್ರ," ಎಂದ.

ಮೊಬೈಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಒಮ್ಮೆ ತಲೆ ಎತ್ತಿ ಮೆಟ್ಟಿಲ ಕಡೆ ನೋಡಿದ. ಲೀಲಾಬಾಯಿ ಎಲ್ಲೋ ನೋಡುತ್ತಿದ್ದಳು.

"ಆಗಲ್ರಿ," ಎಂದು ಮೊಬೈಲು ತಿರುಗಿ ಕೊಟ್ಟು ಹಿತ್ತಲಿಗೆ ಹೋದ.

ಅಂದಿನಿಂದ ದಿನಾ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಆಕೆಗೆ ಅದೇ ಕಾಣುತ್ತಿತ್ತು. ಚಪಳಗಾಂವದಿಂದ ಬಸ್ಸು ಹಿಡಿದು, ಹಣೆ ತುಂಬ ಹಳದಿ ಇಟ್ಟುಕೊಂಡು ಬಂದವನು ನಲ್ಲಿಯ ಹತ್ತಿರ ತಲೆಯ ರುಮಾಲು ಬಿಚ್ಚಿಟ್ಟು, ಬೊಗಸೆ ನೀರು ಹಾಕಿಕೊಂಡು ಹಣೆ ತಿಕ್ಕುತ್ತಿದ್ದ. ಆಮೇಲೆ ಕೋಟು, ಟೋಪಿ. ಲೀಲಾಬಾಯಿಗೆ ನಾಚಿಕೆಯಾಗುತ್ತಿತ್ತು. ಕಿಟಕಿ ಮುಚ್ಚಿದರೂ ನೀರಿನ ಸಪ್ಪಳ ಕೇಳುತ್ತಿತ್ತು.

ಹೇಳುವ ಧೈರ್ಯವಿಲ್ಲದವಳು ಉಪಚಾರಕ್ಕೆ ನಿಂತಳು. ಉಳಿದವರಿಗೆ ಕಾಗದದ ಕಪ್ಪು, ಗೊಲ್ಲಾಳಪ್ಪನಿಗೆ ಮನೆಯ ಪಿಂಗಾಣಿ ಕಪ್ಪು, ಶುಂಠಿ ಹಾಕಿದ ಚಹಾ, ಮೇಲೊಂದು ಶೇಂಗಾ ಹೋಳಿಗೆ.

"ಏನ್ರಿ ಅವ್ವಾರ, ಹಬ್ಬ ಐತೇನು?"

"ಸುಮ್ನ ತಿನ್ನು. ಮನ್ಯಾಗ ಎಲ್ಲಾ ಆರಾಮ?"

"ಆರಾಮ್ರಿ. ನಮ್ಮ ಮನ್ಯಾಕಿ ಸೋಮವ್ವಂದ ಒಂದು ಸಿಟ್ಟು. ಸಂಜೀಕ ಭಂಡಾರ ಹಚ್ಕೊಳ್ಳೂದ ಮರ್ತು ಹಂಗ ಮನಿಗಿ ಹೋಗಿದ್ನಿ. ಬಾಗಲ್ದಾಗ ನಿಂತು ಯಾರ ಸತ್ರು ಅಂತ ಕೇಳಿದ್ಳು. ನಾ ಸೂತಕದಾಗಷ್ಟ ಹಿಂಗ ಇರ್ತೀನಲ್ರಿ." ಅವನು ನಕ್ಕ. ಆಕೆಗೆ ನಗು ಬರಲಿಲ್ಲ.

"ನೀ ಏನಂದಿ?"

"ಮಾಲಕರ ಕಾಯ್ದೆ ಅಂದ್ನಿ. ಮತ್ತೇನ ಹೇಳ್ಲಿ?"

ಕಪ್ಪನ್ನು ತಾನೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಹೋದ. ಈಗಲಾದರೂ ಹೇಳಬೇಕೆಂದು ಬಾಯಿ ತೆರೆದವಳು, ಹೋಳಿಗೆಯ ಡಬ್ಬಿ ಮುಚ್ಚಿ ಒಳಗೆ ಹೋದಳು.

ದೀಪಾವಳಿಯ ಮುಂಚೆ ಹೊಸ ಮಾಲು ಬಂತು. ಲೀಲಾಬಾಯಿ ಅರಿಸಿನದ ಬಟ್ಟಲು ಹಿಡಿದು ಗೋದಾಮಿಗೆ ಇಳಿದಳು. ಬೂದು ಕೋಟಿನವರೆಲ್ಲ ಸುತ್ತ ನಿಂತಿದ್ದರು. ನಿಲೇಶ ಫೋನಿನಲ್ಲಿ ಯಾರಿಗೋ ಮರಾಠಿಯಲ್ಲಿ ದರ ಹೇಳುತ್ತ, ನಡುವೆ ಫೋನಿಗೆ ಕೈ ಅಡ್ಡ ಹಿಡಿದು, "ಲಗು ಮುಗಸವ್ವಾ, ಗಾಡಿ ಬರ್ತದ," ಎಂದ.

ಆಕೆ ಹೆಬ್ಬೆರಳನ್ನು ಅರಿಸಿನದಲ್ಲಿ ಅದ್ದಿ ಬಾಗಿದಳು. ಅಷ್ಟರಲ್ಲಿ ಗೊಲ್ಲಾಳಪ್ಪ ಕೋಟಿನ ಕಿಸೆಯಿಂದ ಘಡಿ ಮಾಡಿದ ಹಳೆಯ ಪೇಪರು ತೆಗೆದು ಬಂಡಲಿನ ಮೇಲೆ ಹಾಸಿದ.

"ಇದರ ಮ್ಯಾಲ ಒತ್ರಿ ಅವ್ವಾರ," ಎಂದ, ಆಕೆಗಷ್ಟೇ ಕೇಳುವ ಹಾಗೆ. "ಪ್ಲಾಸ್ಟಿಕ್ ಹರದೈತಿ."

ಲೀಲಾಬಾಯಿಯ ಕೈ ಗಾಳಿಯಲ್ಲೇ ನಿಂತಿತು. ಇವನಿಗೆ ಗೊತ್ತು. ಫೋಟೋ ನೋಡಿದ ದಿನದಿಂದಲೇ ಗೊತ್ತು. ಗೊತ್ತಿದ್ದೇ ದಿನಾ ಹಣೆ ತೊಳೆದುಕೊಂಡ. ಆಕೆ ಅವನ ಮುಖ ನೋಡಿದಳು. ಅವನು ಪೇಪರು ನೋಡುತ್ತಿದ್ದ. ಭೂಮಿ ಬಾಯಿಬಿಟ್ಟರೆ ಇಳಿದುಹೋಗಬೇಕೆನಿಸಿತು ಆಕೆಗೆ. ಹೇಗೋ ಪೇಪರಿನ ಮೇಲೆ ಹೆಬ್ಬೆರಳು ಒತ್ತಿದಳು. ಗೊಲ್ಲಾಳಪ್ಪ ಅದನ್ನು ಕೂಡಲೇ ಮಡಚಿ, ಗುರುತು ಒಳಗಾಗುವ ಹಾಗೆ ಮಡಚಿ, ಕಿಸೆಗೆ ಹಾಕಿಕೊಂಡ.

"ಪೂಜಾ ಆತ್ರಿ ಮಾಲಕ್ರ," ಎಂದ ಗಟ್ಟಿಯಾಗಿ.

ಎಲ್ಲರೂ ಕೆಲಸಕ್ಕೆ ಚದುರಿದರು. ಲೀಲಾಬಾಯಿ ಅಲ್ಲೇ ನಿಂತಿದ್ದಳು. ಆಮೇಲೆ ಹರಿದ ಪ್ಲಾಸ್ಟಿಕ್ಕಿನೊಳಗೆ ಎಡಗೈ ಹಾಕಿ ಒಂದು ಟಾವೆಲ್ಲು ಎಳೆದಳು.

"ಅವ್ವಾ, ಅದ್ಯಾಕ?"

"ಮನಿಗಿ ಬೇಕಾಗ್ಯದ," ಎಂದು ಮೆಟ್ಟಿಲು ಹತ್ತಿದಳು.

ಮಧ್ಯಾಹ್ನ ನಿಲೇಶ ಊಟಕ್ಕೆ ಬಂದಾಗ ಆಕೆ ಒಲೆಯ ಮುಂದೆ ನಿಂತಿದ್ದಳು. ಹಂಚಿನ ಮೇಲೆ ರೊಟ್ಟಿ ಇತ್ತು. "ಹಸಿವಿ ಆಗ್ಯದವ್ವಾ, ಲಗು ಹಾಕು," ಎನ್ನುತ್ತ ಅವನು ಹಿಂದಿನ ಬೇಸಿನ್ನಿಗೆ ಹೋದ. ನಲ್ಲಿ ಬಿಟ್ಟ ಸಪ್ಪಳ ಕೇಳಿತು. ಬೇಸಿನ್ನಿನ ಪಕ್ಕದ ಮೊಳೆಗೆ ಹೊಸ ಬಿಳಿ ಟಾವೆಲ್ಲು ತೂಗುತ್ತಿತ್ತು. ಅದರ ಮೂಲೆಯಲ್ಲಿ ಹಳದಿ ಹೆಬ್ಬೆರಳು, ಹೆಬ್ಬೆರಳಿನ ನಡುವೆ ಓರೆ ಗೆರೆ.

ನಲ್ಲಿ ನಿಂತಿತು. ಹೆಜ್ಜೆಯ ಸಪ್ಪಳ ಮಾತ್ರ ಬರಲಿಲ್ಲ.

ಲೀಲಾಬಾಯಿ ತಿರುಗಿ ನೋಡಲಿಲ್ಲ. ಹಂಚಿನ ಮೇಲೆ ರೊಟ್ಟಿ ಹೊತ್ತತೊಡಗಿತು. ಸ್ವಲ್ಪ ಹೊತ್ತಿಗೆ ಮಗ ಬೆನ್ನ ಹಿಂದೆ ಬಂದು ನಿಂತದ್ದು ಗೊತ್ತಾಯಿತು. ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳಲಿಲ್ಲ.