ಕೈಹೊಲಿಗೆಯ ಹಿಂದಿನ ಡಬ್ಬಿ

ಎಲ್ಲರೂ ಅವಳನ್ನು ಸೀಟಕ್ಕ ಅಂತಲೇ ಕರೆಯುತ್ತಿದ್ದರು. ಹೊಲಿಗೆ ಮಿಷನ್ನನ್ನು ಹಳೇ ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು, ಮನೆಮನೆಗೆ ಹೋಗಿ ಕಾರುಗಳ ಸೀಟು ಹೊಲಿದುಕೊಡುವುದು ಅವಳ ಕಸುಬು. ಆ ಕಾರು ಮೆಕ್ಯಾನಿಕ್‌ನ ಶೆಡ್ಡು ಸೇರಿ ನಾಲ್ಕು ದಿನವಾದರೂ ಮಿಸುಕಾಡಿರಲಿಲ್ಲ. ದುಡಿದು ಕೊಂಡವಳು ಅವಳು, ಕಾಗದಪತ್ರ ಮಾತ್ರ ಅಣ್ಣನ ಹೆಸರಿನಲ್ಲಿ. ಆ ಮಹಾನುಭಾವ ಅವಳನ್ನು ಒಂದು ಮಾತೂ ಕೇಳದೆ ಗುಜರಿಯವನಿಗೆ ಇವತ್ತು ಮೂರು ಗಂಟೆಗೆ ಬಂದು ಕಾರು ಒಯ್ಯಿ ಅಂದುಬಿಟ್ಟಿದ್ದ.

"ಕಾರಿಲ್ದಿದ್ರೆ ಏನೀಗ? ಹಳೇ ಅಂಗಡಿಗೇ ಹೋಗಿ ಕೂತ್ಕೋ," ಅಂದ ಅಣ್ಣ.

ಹಳೇ ಅಂಗಡಿಯಂತೆ! ಅಲ್ಲಿ ಏಳು ವರ್ಷ ಧಣಿಯಿಂದ ಬಾಯಿಗೆ ಬಂದಂತೆ ಬೈಸಿಕೊಂಡು ಹೊಲಿದಿದ್ದಳು. ಸತ್ತರೂ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಹೊರಬಿದ್ದಿದ್ದಳು.

ಮೆಕ್ಯಾನಿಕ್ ಗಾಡಿಯ ದೋಷ ಹುಡುಕುವ ಸ್ಕ್ಯಾನರಿನ ವೈರು ಸುತ್ತಿಟ್ಟ. "ಎಂಜಿನ್ ಕಂಟ್ರೋಲ್ ಡಬ್ಬಿ ಇದ್ರ ಜೊತೆ ಮಾತಾಡ್ತಿದೆ, ಬ್ರೇಕಿನ ಡಬ್ಬಿನೂ ಮಾತಾಡ್ತಿದೆ. ಕೀ ಗುರುತು ಹಿಡಿಯೋ ಡಬ್ಬಿ ಮಾತ್ರ ತುಟಿಪಿಟಕ್ ಅಂತಿಲ್ಲ. ಅದು ಒಪ್ದೆ ಗಾಡಿ ಸ್ಟಾರ್ಟ್ ಆಗಲ್ಲ. ಕಂಪನಿ ಪುಸ್ತಕದಲ್ಲಿ ಮುಂದಿನ ಸೀಟಿನ ಕೆಳಗಿದೆ ಅಂತ ಬರೆದಿದಾರೆ, ಅಲ್ಲಿ ನೋಡಿದ್ರೆ ಖಾಲಿ! ಯಾರೋ ಎಲ್ಲಿಗೋ ಸಾಗಿಸಿದಾರೆ. ಹುಡುಕ್ಬೇಕಂದ್ರೆ ಪೂರ್ತಿ ಬಿಚ್ಬೇಕು, ಎರಡು ದಿನದ ಕೆಲಸ."

"ನಾನು ಹುಡುಕ್ತೀನಿ."

ಅಣ್ಣ ಬಿದ್ದು ಬಿದ್ದು ನಕ್ಕ. "ಸೂಜಿ ದಾರ ಹಿಡಿಯೋಳಿಗೆ ಅದರ ತಲೆಬುಡ ಏನೇ ಗೊತ್ತಾಗುತ್ತೆ?"

"ಸೂಜಿ ದಾರದ್ದೇ ನೋಡ್ತೀನಿ. ನೀನು ಆ ಕಡೆ ನಿಂತ್ಕೋ, ಬೆಳಕಿಗೆ ಅಡ್ಡ ಬರ್ಬೇಡ."

ಅವಳು ವೈರಿನ ತಂಟೆಗೇ ಹೋಗಲಿಲ್ಲ, ಹೊಲಿಗೆ ನೋಡಿದಳು. ನೆಲದ ಹಾಸು, ಬಾಗಿಲಿನ ಬಟ್ಟೆ, ಸೀಟಿನ ಮಗ್ಗುಲು, ಒಂದೊಂದರ ಮೇಲೂ ಬೆರಳಾಡಿಸಿದಳು. ಕಾರ್ಖಾನೆಯ ಹೊಲಿಗೆ ಒಂದೇ ಅಳತೆಯಲ್ಲಿ ಓಡುತ್ತದೆ. ಹಿಂದಿನ ಸೀಟಿನ ಪಕ್ಕದ ಬಟ್ಟೆಯಲ್ಲಿ ಆ ಅಳತೆ ತಪ್ಪಿತು. ಗೇಣುದ್ದ ಕೈಹೊಲಿಗೆ, ಅದೂ ಗೋಣಿಚೀಲದ ಬಾಯಿ ಹೊಲಿದ ಹಾಗೆ. ಊರವರ ಸೀಟೆಲ್ಲ ಹೊಲಿದವಳು ತನ್ನ ಕಾರಿನದ್ದನ್ನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ!

"ಯಾವ ಪುಣ್ಯಾತ್ಮ ಹೊಲಿದ್ನೋ ಇದನ್ನ!" ಎನ್ನುತ್ತ ಬ್ಲೇಡಿನಿಂದ ದಾರ ಕತ್ತರಿಸಿದಳು. ಒಳಗೆ ಪ್ಲಾಸ್ಟಿಕ್ ಚೀಲ ಸುತ್ತಿದ ಕಪ್ಪು ಡಬ್ಬಿ ಕೂತಿತ್ತು. ನೆಲಕ್ಕೆ ನೀರಿಳಿಯುತ್ತದೆಂದು ಹಿಂದಿನ ಮಾಲೀಕರು ಯಾರೋ ಮೇಲಕ್ಕೆ ಸಾಗಿಸಿದ್ದರು. ಪ್ಲಗ್ಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು.

ಮೆಕ್ಯಾನಿಕ್‌ನ ಮುಖ ಸಣ್ಣಗಾಯಿತು. ಆದರೂ ಮನುಷ್ಯ ಒಳ್ಳೆಯವನು, ತಾನೇ ಬ್ರಷ್ ತಂದು ಪಿನ್ನು ಉಜ್ಜಿ ಪ್ಲಗ್ ಒತ್ತಿದ. "ಕೀ ತಿರುಗಿಸಕ್ಕಾ."

ಅವಳು ಸ್ಟೇರಿಂಗ್ ಮುಂದೆ ಕೂತು ಕೀ ತಿರುಗಿಸಿದಳು. ಎಂಜಿನ್ ಕೆಮ್ಮಿತು, ಹಿಡಿಯಿತು, ಓಡತೊಡಗಿತು. ಅಷ್ಟರಲ್ಲಿ ಗೇಟಿಗೆ ಅಡ್ಡವಾಗಿ ಗುಜರಿ ಲಾರಿ ಬಂದು ನಿಂತಿತು.

ಅಣ್ಣ ಕೈಚಾಚಿದ. "ನಾಳೆ ಮತ್ತೆ ನಿಲ್ಲುತ್ತೆ ಇದು. ಅವನಿಗೆ ಮಾತು ಕೊಟ್ಟಿದೀನಿ, ಕೀ ಕೊಡು. ಕಾಗದ ನನ್ನ ಹೆಸರಲ್ಲಿದೆ."

"ನಾಳೆ ನಿಂತ್ರೆ ನಾಳೆ ಹುಡುಕ್ತೀನಿ. ಕಾಗದ ನಿಂದು ತಾನೇ? ಅದನ್ನೇ ಲಾರಿಗೆ ಹಾಕಣ್ಣಾ. ಕಾರು ನಂದು."

ಬಾಗಿಲು ಎಳೆದುಕೊಂಡು ಹಾರ್ನ್ ಒತ್ತಿದಳು, ಒತ್ತಿದ ಕೈ ತೆಗೆಯಲಿಲ್ಲ. ಗುಜರಿಯವನು ಅಣ್ಣನ ಮುಖ ನೋಡಿದ, ಅವಳ ಮುಖ ನೋಡಿದ, ಲಾರಿ ಹಿಂದಕ್ಕೆ ತೆಗೆದ.